ಎರಡು ಪಿಕ್ಸೆಲ್‌ನ ಶತ್ರು

ಕಂಪ್ಯೂಟರಿನಲ್ಲಿ ಯುದ್ಧವಿಮಾನದ ಆಟ ಆಡುವಾಗ, ಮಾನಿಟರ್‌ನಲ್ಲಿ ಸತ್ತುಹೋಗಿದ್ದ ಒಂದು ಪಿಕ್ಸೆಲ್ಲನ್ನು, ಅಂದರೆ ಬೆಳಗದೆ ಕಪ್ಪಾಗಿ ಉಳಿದ ಒಂದು ಚುಕ್ಕೆಯನ್ನು, ಜರ್ಮನ್ ವಿಮಾನ ಅಂದುಕೊಂಡು ನಾಲ್ಕು ನಿಮಿಷ ಬೆನ್ನಟ್ಟಿದ್ದೇನೆ. ಹೇಳಿಕೊಳ್ಳುವ ವಿಷಯ ಅಲ್ಲ. ಆದರೂ ನನ್ನ ಕಡೆಗೂ ಒಂದು ನ್ಯಾಯ ಇತ್ತು. ಕಾಕ್‌ಪಿಟ್ ಗಾಜಿನ ಮೇಲೆ ಆಚೀಚೆ ಸರಿಯದೆ ಒಂದೇ ಕಡೆ ನಿಂತ ಚುಕ್ಕೆ ನಿನ್ನ ದಾರಿಗೇ ಅಡ್ಡ ಬರುತ್ತಿದೆ ಎಂದರ್ಥ, ಅದರ ಮೇಲೆ ಕಣ್ಣಿಡು ಅಂತ ಕಲಿತಿದ್ದೆ. ನನ್ನ ಚುಕ್ಕೆ ಕೂದಲೆಳೆಯಷ್ಟೂ ಸರಿಯಲಿಲ್ಲ. ಕಣ್ಣು ತಪ್ಪಿದರೆ ಕಳೆದೇ ಹೋದೀತು ಅಂತ ನಾನು ತಲೆ ಅಲ್ಲಾಡಿಸಲಿಲ್ಲ. ಕೊನೆಗೆ ಕತ್ತು ನೋವಾಗಿ ಪಕ್ಕಕ್ಕೆ ತಿರುಗಿದರೆ, ತಲೆಯ ಜೊತೆ ಆಟದೊಳಗಿನ ನೋಟವೂ ತಿರುಗಿ, ಚುಕ್ಕೆಯೂ ನನ್ನ ಜೊತೆಗೇ ತಿರುಗಿತು!

ಶನಿವಾರ ರಾತ್ರಿ ಹತ್ತೂವರೆ. ಬೇಸಿಗೆಯಾದ್ದರಿಂದ ಜರ್ಮನಿಯಲ್ಲಿ ಆಗ ಸಂಜೆ ಏಳು, ಯುರೋಪಿನ ಸರ್ವರ್‌ಗಳು ತುಂಬುವ ಹೊತ್ತು. ಬೆಂಗಳೂರಿನ ಕೋಣೆಯಲ್ಲಿ ನಾನು, ಹೆಡ್‌ಫೋನಿನಲ್ಲಿ ಧಾರವಾಡದ ಗೆಳೆಯ. ಆಟ ಐಎಲ್-2 ಸ್ಟುರ್ಮೋವಿಕ್, ನಕಾಶೆ ಎರಡನೇ ಮಹಾಯುದ್ಧದ, 1943ರ ಕುಬಾನ್, ಅಂದರೆ ದಕ್ಷಿಣ ರಷ್ಯಾ. ನಾವು ರಷ್ಯಾದ ಕಡೆ, ಇಬ್ಬರದ್ದೂ ಏರಾಕೋಬ್ರಾ ಫೈಟರ್. ಅಮೆರಿಕದಲ್ಲಿ ತಯಾರಾದ ಸುಮಾರು 9,500ರಲ್ಲಿ ಹೆಚ್ಚುಕಮ್ಮಿ ಅರ್ಧ ರಷ್ಯಾಕ್ಕೇ ಹೋಗಿದ್ದವು. ಕಾರಿನ ಹಾಗೆ ಪಕ್ಕದಲ್ಲಿ ಬಾಗಿಲು, ಎಂಜಿನ್ ಪೈಲಟ್‌ನ ಬೆನ್ನ ಹಿಂದೆ. ನನಗಂತೂ ಬಲು ಇಷ್ಟದ ವಿಚಿತ್ರ ವಿಮಾನ.

ಹಗಲು ಹಾರುವ ಆ ಕಾಲದ ಫೈಟರ್‌ಗಳಲ್ಲಿ ರೇಡಾರ್ ಇರಲಿಲ್ಲ. ನಾವು ಹೋಗುವ ಸರ್ವರ್‌ನಲ್ಲಿ ವಿಮಾನದ ಮೇಲೆ ಹೆಸರು, ಬಣ್ಣದ ಗುರುತು ಕೂಡ ಇಲ್ಲ. ನಕಾಶೆಯಲ್ಲಿ ನೀವೆಲ್ಲಿದ್ದೀರಿ ಅಂತಲೂ ತೋರಿಸುವುದಿಲ್ಲ, ನದಿ, ರೈಲು ಹಳಿ ನೋಡಿ ಅಂದಾಜು ಮಾಡಿಕೊಳ್ಳಬೇಕು. ಒಮ್ಮೆ ಲೆಕ್ಕ ಹಾಕಿದ್ದೆ: ಜರ್ಮನ್ ಫೈಟರ್ ಮೆಸ್ಸರ್‌ಸ್ಮಿಟ್ 109ರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 10 ಮೀಟರ್. 7 ಕಿಲೋಮೀಟರ್ ದೂರದಲ್ಲಿ, 1920 ಪಿಕ್ಸೆಲ್ ಅಗಲದ ಪರದೆಯಲ್ಲಿ, 90 ಡಿಗ್ರಿ ನೋಟ ಇಟ್ಟುಕೊಂಡರೆ ಅದು ಎರಡು ಪಿಕ್ಸೆಲ್ ಕೂಡ ಆಗುವುದಿಲ್ಲ. ಝೂಮ್ ಮಾಡಬಹುದು. ಆದರೆ ಅದು ಕೀಲಿಕಿಂಡಿಯಿಂದ ಜಾತ್ರೆ ನೋಡಿದ ಹಾಗೆ.

ಹಾಗಾಗಿ ಕತ್ತೇ ಆಯುಧ. ಟೋಪಿಗೆ ಮೂರು ಇನ್‌ಫ್ರಾರೆಡ್ ಎಲ್‌ಇಡಿ ಸಿಕ್ಕಿಸಿ, ವೆಬ್‌ಕ್ಯಾಮ್ ಮುಂದೆ ಹಳೇ ಫ್ಲಾಪಿ ಡಿಸ್ಕ್ ಬಿಚ್ಚಿ ತೆಗೆದ ಕಪ್ಪು ಫಿಲ್ಮ್ ಅಂಟಿಸಿ, ತಲೆ ತಿರುಗಿದ ಹಾಗೆ ನೋಟ ತಿರುಗುವ ವ್ಯವಸ್ಥೆ ಮಾಡಿಕೊಂಡಿದ್ದೇನೆ. ನೀರು ಕೊಡಲು ಬಂದ ಅಮ್ಮ ಬಾಗಿಲಲ್ಲೇ ನಿಂತು, “ಏನೋ ಅದು, ಮೈಮೇಲೆ ಬಂದೋರ ಹಾಗೆ ಕತ್ತು ತಿರುಗಿಸ್ತಿದೀಯ?” ಅಂದರು. “ಹಿಂದೆ ಯಾರಾದ್ರೂ ಇದಾರಾ ನೋಡ್ತಿದೀನಮ್ಮ” ಅಂದೆ. “ನಾನೇ ಇದೀನಲ್ಲೋ!”

ಮೊದಲ ಒಂದು ಗಂಟೆ ಯಾರೂ ಸಿಗಲಿಲ್ಲ. ನಾಲ್ಕು ಸಾವಿರ ಮೀಟರ್ ಮೇಲೆ ಸುತ್ತಿದ್ದೇ ಸುತ್ತಿದ್ದು. ಅರವತ್ತು ಜನ ಇದ್ದಾರೆ ಅಂತ ಸರ್ವರ್ ಹೇಳುತ್ತಿದೆ, ಕಣ್ಣಿಗೆ ಒಬ್ಬನೂ ಇಲ್ಲ. ನಿಜವಾದ ಪೈಲಟ್‌ಗಳಿಗೆ ಖಾಲಿ ಆಕಾಶದಲ್ಲಿ ಕಣ್ಣು ತಾನಾಗಿಯೇ ಒಂದೆರಡು ಮೀಟರ್ ದೂರಕ್ಕೆ ಫೋಕಸ್ ಆಗಿಬಿಡುತ್ತದಂತೆ; ದೂರದ ಮೋಡದ ಅಂಚು ನೋಡಿ ಅದನ್ನು ಸರಿಮಾಡಿಕೊಳ್ಳುತ್ತಾರೆ. ನನಗೆ ಆ ನೆಪವೂ ಇಲ್ಲ, ನನ್ನ ಆಕಾಶ ಇರುವುದೇ ಎರಡು ಅಡಿ ದೂರದಲ್ಲಿ.

ಗೆಳೆಯನಿಗೆ ನನ್ನ ಗೊಣಗಾಟ ಕೇಳಿ ಸಾಕಾಯಿತು. “ಅಂವ ಎಲ್ಲದಾನ ಅಂತ ಹುಡುಕಬ್ಯಾಡಲೇ. ಅಂವಗ ಎಲ್ಲಿ ಹೋಗೋದೈತಿ ಅಂತ ವಿಚಾರ ಮಾಡು. ಬಾಂಬ್ ಹಾಕಾಕ ಬರಬೇಕು, ಹಾಕಿ ಹೊಳ್ಳಿ ತನ್ನ ಮನಿಗೇ ಹೋಗಬೇಕು. ನಾವು ದಾರ್ಯಾಗ ಕುಂದರೂಣು.”

ಕ್ರಿಮ್ಸ್ಕಾಯಾ ಅನ್ನುವ ಊರಿನ ಹತ್ತಿರ ನಮ್ಮ ಕಡೆಯ ಫಿರಂಗಿಗಳಿದ್ದವು. ಅಲ್ಲಿಗೆ ನೇರವಾಗಿ ಹೋಗದೆ, ಜರ್ಮನ್ ಏರ್‌ಫೀಲ್ಡ್‌ಗೂ ಅದಕ್ಕೂ ನಡುವೆ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಂತೆವು. ನಾನು ಆಕಾಶ ನೋಡುವುದು ಬಿಟ್ಟು ನೆಲ ನೋಡತೊಡಗಿದೆ. ಹತ್ತು ನಿಮಿಷದಲ್ಲಿ ಊರ ಮೇಲೆ ಅರಳು ಸಿಡಿದ ಹಾಗೆ ಹೊಗೆಯ ಉಂಡೆಗಳು ಎದ್ದವು. ವಿಮಾನ ಕಾಣುತ್ತಿಲ್ಲ, ನೆಲದಿಂದ ವಿಮಾನವನ್ನು ಹೊಡೆಯುತ್ತಿರುವ ಫ್ಲ್ಯಾಕ್ ಗುಂಡುಗಳ ಹೊಗೆ ಕಾಣುತ್ತಿದೆ. ಇಷ್ಟು ದಿನ ಇದು ಕಣ್ಣೆದುರಿಗೇ ಇದ್ದರೂ ಬರೀ ಅಲಂಕಾರ ಅಂದುಕೊಂಡಿದ್ದೆನಲ್ಲ! ಹೊಗೆಯ ಸಾಲು ಪಶ್ಚಿಮಕ್ಕೆ ಸರಿಯುತ್ತಾ ಬಂತು. ಅದರ ತುದಿಯಲ್ಲಿ, ಹಸಿರು ಹೊಲದ ಮೇಲೆ, ಒಂದು ಕಪ್ಪು ಚುಕ್ಕೆ. ಮೊದಲು ತಲೆ ಅಲ್ಲಾಡಿಸಿದೆ. ನೋಟ ತಿರುಗಿತು, ಚುಕ್ಕೆ ಹೊಲದ ಮೇಲೇ ಉಳಿಯಿತು. ಈ ಸಲ ನಿಜದ್ದೇ.

“ಹನ್ನೊಂದು ಗಂಟೆ ದಿಕ್ಕು, ಕೆಳಗೆ, ಒಂದು” ಅಂದೆ, ಗಡಿಯಾರದ ಲೆಕ್ಕದಲ್ಲಿ ಮುಂದೆ ಸ್ವಲ್ಪ ಎಡಕ್ಕೆ. “ಕಾಣವಲ್ದು. ನೀ ಹೋಗು, ನಾ ಹಿಂದ ಅದೀನಿ” ಅಂದ.

ಹತ್ತಿರವಾದಂತೆ ಬಾಗಿದ ರೆಕ್ಕೆ, ಒಳಕ್ಕೆ ಎಳೆದುಕೊಳ್ಳಲಾಗದ ಚಕ್ರ. ಜರ್ಮನ್ ಬಾಂಬರ್ ಸ್ಟೂಕಾ! ಅದರ ಹಿಂದೆ ಗನ್ನರ್ ಇರುತ್ತಾನೆ, ಅವನಿಗೆ ಕೆಳಗಿನದು ಕಾಣುವುದಿಲ್ಲ. ಧುಮುಕಿ, ಅದರ ಹೊಟ್ಟೆಯ ಕೆಳಗೆ ಸೇರಿಕೊಂಡೆ. ಏರಾಕೋಬ್ರಾದ 37 ಮಿಲಿಮೀಟರ್ ಫಿರಂಗಿಗೆ ಇರುವುದು 30 ಗುಂಡು. ಜಾಣನಾಗಿದ್ದರೆ ನಾಲ್ಕೈದರಲ್ಲಿ ಮುಗಿಸುತ್ತಿದ್ದೆ. ಒಂದು ಗಂಟೆ ಹಸಿದಿದ್ದವನು ನಾನು. ಮೆಷಿನ್ ಗನ್ ಸಮೇತ ಎಲ್ಲವನ್ನೂ ಒತ್ತಿ ಹಿಡಿದೆ. ಸ್ಟೂಕಾ ಬಿತ್ತು. ಅದು ಹೊಲಕ್ಕೆ ಬಿದ್ದು ಉರಿಯುವುದನ್ನು ಒಂದು ಕ್ಷಣ ನೋಡುತ್ತಾ ಉಳಿದೆ.

ನನ್ನ ಎಡ ರೆಕ್ಕೆ ಹೋದ ಮೇಲೆಯೇ ಹಿಂದೆ ಒಬ್ಬ ಇದ್ದಾನೆ ಅಂತ ನನಗೆ ಗೊತ್ತಾದದ್ದು. ಗೆಳೆಯ “ತಿರುಗಲೇ, ತಿರುಗ್!” ಅಂದಿದ್ದು ಅರ್ಧ ಸೆಕೆಂಡ್ ತಡ. ಪ್ಯಾರಾಚೂಟ್‌ನಲ್ಲಿ ತೂಗಾಡುತ್ತಾ, ಮೇಲೆ ಹೋಗುತ್ತಿದ್ದ 109ರ ಹೊಟ್ಟೆ ನೋಡಿದೆ.

ಚಾಟ್‌ನಲ್ಲಿ ಆ 109ರ ಆಟಗಾರನಿಗೆ ಅಭಿನಂದನೆ ಹೇಳಿ, ನನ್ನನ್ನು ಹೇಗೆ ಕಂಡೆ ಅಂತ ಕೇಳಿದೆ. ನನ್ನ ವಿಮಾನ ಅವನಿಗೆ ಕಂಡೇ ಇರಲಿಲ್ಲವಂತೆ. ಕಂಡದ್ದು ಟ್ರೇಸರ್ ಗುಂಡುಗಳ ಉದ್ದನೆಯ ಬೆಳಕಿನ ಗೆರೆ. ಅದರ ಬುಡ ಹಿಡಿದು ಬಂದನಂತೆ.

ಓದಿ ಹೇಳಿದೆ. ಧಾರವಾಡದಲ್ಲಿ ನಗು ನಿಲ್ಲಲಿಲ್ಲ. “ದೀಪಾವಳಿ ಮಾಡಿ ಊರಿಗೆಲ್ಲಾ ಕರಿಯೋಲಿ ಕೊಟ್ಟಂಗ ಆತಲ್ಲೋ. ನಡಿ ನಡಿ, ಇನ್ನೊಂದು ವಿಮಾನ ತಗೋ. ಅಂವಗೂ ಗುಂಡು ತುಂಬಿಸ್ಕೊಳ್ಳಾಕ ಮನಿಗೆ ಹೋಗೋದೈತಿ.”