8.3 ಇಂಚಿನ ಪರದೆಯಲ್ಲಿ ಎ1 ಡ್ರಾಯಿಂಗ್

ಕಲಬುರಗಿಯ ವಸತಿ ಕಟ್ಟಡವೊಂದರ ಸೈಟ್ ಎಂಜಿನಿಯರ್ ಆಗಿದ್ದಾಗ ನಾನು ಡ್ರಾಯಿಂಗ್ ಸುರುಳಿಗಳನ್ನು ಕಂಕುಳಲ್ಲಿ ಹೊತ್ತು ಏಣಿ ಹತ್ತುವ ಕಷ್ಟ ತಾಳಲಾರದೆ, 2021ರಲ್ಲಿ ಬಂದ ಆರನೆಯ ತಲೆಮಾರಿನ ಐಪ್ಯಾಡ್ ಮಿನಿ ಎಂಬ ಸಣ್ಣ ಟ್ಯಾಬ್ಲೆಟ್ಟನ್ನು ಸ್ವಂತ ಹಣದಲ್ಲಿ ಕೊಂಡೆ. ಅದರ ತೂಕ ಮುನ್ನೂರು ಗ್ರಾಂಗೂ ಕಡಿಮೆ; ಸುರಕ್ಷತಾ ಜಾಕೆಟ್ಟಿನ ದೊಡ್ಡ ಜೇಬಿನಲ್ಲಿ ಹಿಡಿಸುತ್ತಿದ್ದುದರಿಂದ ಎರಡೂ ಕೈಗಳು ಏಣಿಗೇ ಉಳಿಯುತ್ತಿದ್ದವು.

ಅದರ ನಿಜವಾದ ಉಪಯೋಗ ಕಂಡದ್ದು ಫೋಟೊಗಳಲ್ಲಿ. ಕಾಂಕ್ರೀಟ್ ಸುರಿಯುವ ಮುನ್ನ ಸ್ಲ್ಯಾಬ್‌ನಲ್ಲಿ ಹಾಸಿದ ವಿದ್ಯುತ್ ಪೈಪುಗಳ ಚಿತ್ರ ತೆಗೆದು, ಹತ್ತಿರದ ಕಾಲಂನಿಂದ ಅವು ಎಷ್ಟು ದೂರದಲ್ಲಿವೆ ಎಂಬುದನ್ನು ಅಲ್ಲಿಯೇ ಪರದೆಯ ಮೇಲೆ ಬರೆಯುವ ಡಿಜಿಟಲ್ ಪೆನ್ಸಿಲ್‌ನಿಂದ ಚಿತ್ರದ ಮೇಲೆ ಬರೆದಿಡುತ್ತಿದ್ದೆ. ತಿಂಗಳುಗಳ ನಂತರ ಪ್ಲಂಬರ್ ಸ್ಲ್ಯಾಬ್‌ಗೆ ತೂತು ಕೊರೆಯಲು ಬಂದಾಗ, ಪೈಪು ಎಲ್ಲಿದೆಯೋ ಎಂದು ಯಾರೂ ಊಹಿಸಬೇಕಾಗುತ್ತಿರಲಿಲ್ಲ.

ಇದೇ ನಂಬಿಕೆಯಲ್ಲಿ ಡ್ರಾಯಿಂಗನ್ನೂ ಪರದೆಯಲ್ಲೇ ನೋಡಲು ಹೋಗಿ ನಾನು ಎಡವಿದೆ. ಮೂರನೆಯ ಮಹಡಿಯ ಬೀಮುಗಳಿಗೆ ಕಂಬಿ ಕಟ್ಟುತ್ತಿದ್ದ ದಿನ, ಬೀಮಿನ ಅಡ್ಡಛೇದವನ್ನು ಪರದೆ ತುಂಬ ಹಿಗ್ಗಿಸಿಕೊಂಡು, ಉದ್ದ ಕಂಬಿಗಳನ್ನು ಸುತ್ತುವರಿಯುವ ಎಂಟು ಮಿ.ಮೀ. ದಪ್ಪದ ರಿಂಗುಗಳನ್ನು 150 ಮಿ.ಮೀ. ಅಂತರದಲ್ಲಿ ಕಟ್ಟುವಂತೆ ಹೇಳಿದೆ. ಕಂಬಿ ಬಾಗಿಸಿ ಕಟ್ಟುವ ಹಿರಿಯ ಬಾರ್ ಬೆಂಡರ್ ಒಬ್ಬರು, “ಸರ್, ಕಾಲಂ ಬಾಜೂಕ ರಿಂಗ್ ಒತ್ತೊತ್ತಾಗಿ ಬರಬೇಕಲ್ರೀ?” ಎಂದು ಕೇಳಿದರು. ನಾನು ಪರದೆಯನ್ನು ಅವರತ್ತ ತಿರುಗಿಸಿ 150 ಎಂಬ ಅಂಕಿಯ ಮೇಲೆ ಬೆರಳಿಟ್ಟೆ. ಅವರು ಮತ್ತೆ ಮಾತನಾಡಲಿಲ್ಲ.

ಕಾಲಂ ಬಳಿ ಶಿಯರ್ ಬಲ, ಅಂದರೆ ಬೀಮನ್ನು ಕತ್ತರಿಸುವಂತೆ ಎಳೆಯುವ ಬಲ, ಹೆಚ್ಚಿರುವುದರಿಂದ ಅಲ್ಲಿ 100 ಮಿ.ಮೀ. ಅಂತರವಿರಬೇಕೆಂಬ ಟಿಪ್ಪಣಿ ಅದೇ ಹಾಳೆಯ ಬಲತುದಿಯಲ್ಲಿತ್ತು. ಮರುದಿನ ತಪಾಸಣೆಗೆ ಬಂದವರು ಅದನ್ನು ತೋರಿಸಿದಾಗ, ಹನ್ನೊಂದು ಬೀಮುಗಳ ತುದಿಯ ರಿಂಗುಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಕಾಂಕ್ರೀಟ್ ಎರಡು ದಿನ ಮುಂದಕ್ಕೆ ಹೋಯಿತು. ಇದರಲ್ಲಿ ಯಂತ್ರದ ದೋಷವಿರಲಿಲ್ಲ, ಲೆಕ್ಕದ ಮಾತಿತ್ತು. 841 ಮಿ.ಮೀ. ಉದ್ದ, 594 ಮಿ.ಮೀ. ಅಗಲದ ಎ1 ಹಾಳೆಯನ್ನು ಈ ಪರದೆಯಲ್ಲಿ ಇಡಿಯಾಗಿ ನೋಡಿದರೆ ಅದು ಐದನೆಯ ಒಂದು ಭಾಗಕ್ಕೆ ಕುಗ್ಗುತ್ತದೆ, ಎರಡೂವರೆ ಮಿ.ಮೀ. ಎತ್ತರದ ಅಕ್ಷರ ಅರ್ಧ ಮಿ.ಮೀ. ಆಗುತ್ತದೆ. ಓದಲೆಂದು ಹಿಗ್ಗಿಸಿದ ಕೂಡಲೇ ಉಳಿದ ಹಾಳೆ ಕಣ್ಣಿನಿಂದ ಮರೆಯಾಗುತ್ತದೆ, ಮರೆಯಾದದ್ದು ನೆನಪಿಗೂ ಬರುವುದಿಲ್ಲ. ಕಾಗದವಾಗಿದ್ದರೆ ಆ ಟಿಪ್ಪಣಿ ಬೇಡವೆಂದರೂ ಕಣ್ಣಿಗೆ ಬೀಳುತ್ತಿತ್ತು.

ಬಿಸಿಲಿನಲ್ಲಿ ಪರದೆ ಕನ್ನಡಿಯಾಗುವುದು, ಒದ್ದೆ ಬೆರಳಿಗೆ ಸ್ಪಂದಿಸದಿರುವುದು ಸಣ್ಣ ತೊಂದರೆಗಳು. ಶಾಖ ಮಾತ್ರ ಸಣ್ಣದಲ್ಲ: ತಯಾರಕರು ಬಳಕೆಗೆ ಸೂಚಿಸುವ ಗರಿಷ್ಠ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್, ನಮ್ಮ ಏಪ್ರಿಲ್ 40 ದಾಟುತ್ತದೆ. ಕಾಂಕ್ರೀಟಿಗೆ ಅಚ್ಚಾಗುವ ಶಟರಿಂಗ್ ಮೇಲೆ ಹತ್ತು ನಿಮಿಷ ಇಟ್ಟರೆ, ತಣ್ಣಗಾಗುವವರೆಗೆ ಬಳಸಲಾಗದು ಎಂಬ ಎಚ್ಚರಿಕೆ ಮೂಡುತ್ತಿತ್ತು.

ಅಂದಿನಿಂದ ಪ್ರತಿ ಮಹಡಿಯ ಡ್ರಾಯಿಂಗನ್ನು ಎ1 ಅಳತೆಯಲ್ಲಿಯೇ ಮುದ್ರಿಸಿ, ಪ್ಲೈವುಡ್ ತುಂಡಿಗೆ ಅಂಟಿಸಿ, ಮೆಟ್ಟಿಲ ಬಳಿಯ ಕಾಲಂಗೆ ಬೈಂಡಿಂಗ್ ತಂತಿಯಿಂದ ಕಟ್ಟಿಸುತ್ತೇನೆ. ಬಾರ್ ಬೆಂಡರ್‌ಗಳು ಅದರ ಮುಂದೆ ನಿಂತು, ನನ್ನನ್ನು ಕರೆಯದೆಯೇ ಬೆರಳಿಟ್ಟು ಎಣಿಸುತ್ತಾರೆ. ಕಂಬಿ ಕಟ್ಟಿ ಮುಗಿದ ಮೇಲೆ, ಫೋಟೊ ತೆಗೆಯಲು ಮಿನಿಯನ್ನು ಜೇಬಿನಿಂದ ಹೊರತೆಗೆಯುತ್ತೇನೆ.