ವರ್ಷಾ ವರ್ಷ ಫುಟ್‌ಬಾಲ್ ಗೇಮಿಗೆ ಪೂರ್ತಿ ದುಡ್ಡು ಕೊಡಬೇಕಾ?

ಸೆಪ್ಟೆಂಬರ್ ಕೊನೆಗೆ ಮಂಗಳೂರಿನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ಇಎ ಕಂಪನಿಯ ಹೊಸ ಫುಟ್‌ಬಾಲ್ ಗೇಮ್ 'ಇಎ ಸ್ಪೋರ್ಟ್ಸ್ ಎಫ್‌ಸಿ' ಬಂದಿರುತ್ತದೆ. ಬೆನ್ನಿಗೇ ಪ್ರಶ್ನೆ: "ಇದನ್ನು ತಗೊಳ್ಳುವುದಾ ಮಾರಾಯ್ರೆ, ಹಳೆಯದೇ ಸಾಕಾ?"

ಆಟಗಾರರ ಕಾರ್ಡು ಕೂಡಿಸಿ ತಂಡ ಕಟ್ಟುವ 'ಅಲ್ಟಿಮೇಟ್ ಟೀಮ್' ಆಡುತ್ತೀರಾ? ಹಾಗಾದರೆ ತಗೊಳ್ಳಿ, ಅದೂ ಮೊದಲ ವಾರವೇ. ಹಳೆಯ ಗೇಮಿನ ಕಾರ್ಡುಗಳು ಹೊಸದಕ್ಕೆ ಬರುವುದಿಲ್ಲ, ಎಲ್ಲರದ್ದೂ ಸೊನ್ನೆಯಿಂದ ಶುರು. ಮಾರ್ಚಿನಲ್ಲಿ ಸೇರಿಕೊಂಡರೆ ಎದುರಿನವನ ಟೀಮ್ ನೋಡಿಯೇ ಸುಸ್ತಾಗುತ್ತೀರಿ.

ಒಂದು ಕ್ಲಬ್ ಅಥವಾ ಆಟಗಾರನನ್ನು ಹಿಡಿದು ಸೀಸನ್‌ಗಟ್ಟಲೆ ಒಬ್ಬರೇ ಆಡುವ ಕೆರಿಯರ್ ಮೋಡಿನವರಿಗೆ, ಹಾಸ್ಟೆಲ್ ರೂಮಿನಲ್ಲಿ ಎರಡು ಕಂಟ್ರೋಲರ್ ಹಿಡಿದು ಕೂರುವವರಿಗೆ ಪೂರ್ತಿ ಬೆಲೆ ದಂಡ. ಹಳೆಯ ಗೇಮಿನ ಕಸ್ಟಮೈಸ್ ಮೆನುವಿಗೆ ಹೋಗಿ ನಿಮಗೆ ಬೇಕಾದ ಕ್ಲಬ್‌ಗಳ ಆಟಗಾರರನ್ನು ಅವರ ಹೊಸ ಕ್ಲಬ್ಬಿಗೆ ಟ್ರಾನ್ಸ್‌ಫರ್ ಮಾಡಿ. ಈ ಆಟಗಾರರ ಪಟ್ಟಿಯನ್ನು (ಸ್ಕ್ವಾಡ್) ಬೇರೆ ಹೆಸರಲ್ಲಿ ಸೇವ್ ಮಾಡಿ, ಅದನ್ನೇ ಲೋಡ್ ಮಾಡಿಕೊಂಡು ಹೊಸ ಕೆರಿಯರ್ ಶುರು ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ: ಈಗಾಗಲೇ ನಡೆಯುತ್ತಿರುವ ಕೆರಿಯರ್‌ಗೆ ಈ ಬದಲಾವಣೆ ತಟ್ಟುವುದಿಲ್ಲ, ಶುರುವಾದ ದಿನದ ಪಟ್ಟಿಯೇ ಅದರೊಳಗೆ ಉಳಿದಿರುತ್ತದೆ. ಡೇಟಾಬೇಸಿನಲ್ಲೇ ಇಲ್ಲದ ಹೊಸ ಹುಡುಗರನ್ನು ಮಾತ್ರ ಒಬ್ಬೊಬ್ಬರಾಗಿ ಕೈಯಿಂದ ಸೃಷ್ಟಿಸಬೇಕು. ಬೇಜಾರಿನ ಕೆಲಸ, ಆದರೆ ಪುಕ್ಕಟೆ.

ಪ್ರತಿವರ್ಷ ಹೊಸ ಗೇಮ್ ಬೇಕಿಲ್ಲವೆಂದು ಕಂಪನಿಗಳೇ ಒಪ್ಪಿಕೊಂಡದ್ದುಂಟು. 2020ರಲ್ಲಿ ಕೊನಾಮಿ ಕಂಪನಿ ತನ್ನ ಫುಟ್‌ಬಾಲ್ ಗೇಮ್ ಪಿಇಎಸ್ 2021 ಅನ್ನು 'ಸೀಸನ್ ಅಪ್‌ಡೇಟ್' ಎಂದು ಕರೆದು ಅಮೆರಿಕದಲ್ಲಿ ಅರ್ಧ ಬೆಲೆಗೆ, 30 ಡಾಲರಿಗೆ ಮಾರಿತು. ಮರುವರ್ಷ ಅದು ಇ-ಫುಟ್‌ಬಾಲ್ ಎಂಬ ಹೆಸರಲ್ಲಿ ಉಚಿತವೇ ಆಯಿತು. ಎಫ್1 ಕಾರ್ ರೇಸ್ ಗೇಮಿನಲ್ಲಿ 2026ರ ಸೀಸನ್‌ಗೆ ಬೇರೆ ಗೇಮಿಲ್ಲ, ಎಫ್1 25ಕ್ಕೇ ವಿಸ್ತರಣೆ ಎಂದು ಇಎ ಹೇಳಿದೆ. ಹಾಗಿದ್ದರೆ ಫುಟ್‌ಬಾಲಿಗೆ ಯಾಕಾಗದು? ಅಲ್ಟಿಮೇಟ್ ಟೀಮ್‌ನ ಕಾರ್ಡು ಪ್ಯಾಕ್ ಮಾರಾಟದ ದುಡ್ಡು, ಬೇರೇನಲ್ಲ.

ಮನಸ್ಸು ತಡೆಯದಿದ್ದರೆ ಇಎಯ ಗೇಮುಗಳು ಚಂದಾಕ್ಕೆ ಸಿಗುವ 'ಇಎ ಪ್ಲೇ' ಒಂದು ತಿಂಗಳ ಮಟ್ಟಿಗೆ ತಗೊಳ್ಳಿ. ಹೊಸ ಗೇಮ್ 10 ಗಂಟೆ ಆಡಲು ಸಿಗುತ್ತದೆ. ಮೆನುವಿನಲ್ಲಿ ಬಿಟ್ಟು ಚಾ ಕುಡಿಯಲು ಹೋಗಬೇಡಿ, ಗಂಟೆ ಓಡುತ್ತಲೇ ಇರುತ್ತದೆ. ಕಾಯಬಲ್ಲವರಿಗೆ ನವೆಂಬರ್ ಕೊನೆಯ ಬ್ಲಾಕ್ ಫ್ರೈಡೇ ರಿಯಾಯಿತಿ ಮಾರಾಟ ಇದೆ. ಇನ್ನೂ ಕಾಯಬಲ್ಲವರಿಗೆ ಮುಂದಿನ ಮೇ-ಜೂನ್ ಹೊತ್ತಿಗೆ ಇಎ ಪ್ಲೇಯಲ್ಲೇ ಪೂರ್ತಿ ಗೇಮ್ ಬಂದದ್ದು ಇತ್ತೀಚಿನ ರೂಢಿ.

ಇಎ ಇದೇ ಗೇಮಿಗೆ 'ಫಿಫಾ' ಎಂಬ ಹೆಸರಿಟ್ಟಿದ್ದ ಕಾಲದ ಕೊನೆಯದು, ಫಿಫಾ 23 ಬೇಕೆನ್ನುವವರಿಗೆ ಹಳೆ ಡಿಸ್ಕೇ ಗತಿ. 2023ರಲ್ಲಿ ಡಿಜಿಟಲ್ ಅಂಗಡಿಗಳಿಂದ ಅದನ್ನು ತೆಗೆದುಬಿಟ್ಟರು. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಕವರಿನೊಳಗೆ ಬೂಸ್ಟು ಹಿಡಿದಿದೆಯಾ ಅಂತಲೂ ನೋಡಿ. ನಿಮ್ಮದು ಡಿಸ್ಕ್ ಡ್ರೈವ್ ಇಲ್ಲದ, ಬೇರೆ ಡ್ರೈವ್ ಜೋಡಿಸಲೂ ಬಾರದ ಪ್ಲೇಸ್ಟೇಷನ್ 5 ಆದರೆ ಈ ದಾರಿಯೂ ಮುಚ್ಚಿತು, ಆಡಿ ಮುಗಿಸಿದ್ದನ್ನು ಮಾರುವ ದಾರಿಯೂ.