ಇಂಟರ್‌ನ್ಯಾಷನಲ್ ಫಲಕ: ಕೊನೆಗೂ ಗರಗಸ ಹಿಡಿದೆ

ನಿಂತುಹೋದ ಗಾಲ್ಫ್ ಪಂದ್ಯಾವಳಿಯೊಂದರ ವಿಜೇತರ ಅಂಕ ತೋರಿಸಲು ನಾನು ಮಾಡಿದ ದೀಪದ ಫಲಕದಲ್ಲಿ ಎಡಗಡೆಯ ಏಳು ಕಂಬಗಳು ಕುಳ್ಳು, ಬಲಗಡೆಯ ಹದಿನಾಲ್ಕು ನೆಟ್ಟಗೆ ಎತ್ತರ. ಫಲಕ ನೋಡಿದವರೆಲ್ಲ ಕೇಳುವುದು ಒಂದೇ: “ಆ ಕಡೆಯ ದೀಪಗಳು ಸುಟ್ಟುಹೋಗಿವೆಯೇ?”

ಸುಟ್ಟಿಲ್ಲ ಸ್ವಾಮಿ, ಇತಿಹಾಸವೇ ಹಾಗಿದೆ. ಕೊಲರಾಡೋದ ಕ್ಯಾಸಲ್ ಪೈನ್ಸ್‌ನಲ್ಲಿ ಜ್ಯಾಕ್ ವಿಕರ್ಸ್ ಕಟ್ಟಿದ ಗಾಲ್ಫ್ ಪಂದ್ಯಾವಳಿ ‘ದಿ ಇಂಟರ್‌ನ್ಯಾಷನಲ್’ 1986ರಿಂದ 2006ರವರೆಗೆ ನಡೆಯಿತು. ಪ್ರಾಯೋಜಕರು ಸಿಗದೆ 2007ರ ಆರಂಭದಲ್ಲಿ ಬಾಗಿಲು ಹಾಕಿತು. ವರ್ಷಕ್ಕೊಂದು ಕಂಬ, ಅಂಕಕ್ಕೊಂದು ಎಲ್‌ಇಡಿ, ವಿಜೇತರ ಗರಿಷ್ಠ 48. ಒಟ್ಟು 1008 ದೀಪ. ಬೆಸುಗೆ, ಮಸುಕು ಗಾಜು, ವಿದ್ಯುತ್ ಹಂಚಿಕೆಯ ಕಥೆ ಬಿಡುತ್ತೇನೆ. ಒಂದೇ ಮಾತು: ಎಲ್ಲವೂ ಒಂದೇ ಮಾದರಿ ಸಂಖ್ಯೆಯ ಎಲ್‌ಇಡಿ ಪಟ್ಟಿ ಎಂದು ಹೇಳಿ ಅರ್ಧ ಹಳದಿ ಬಿಳಿ, ಅರ್ಧ ನೀಲಿ ಬಿಳಿ ಕಳುಹಿಸಿದ ವ್ಯಾಪಾರಿ “ಹಗಲಲ್ಲಿ ಗೊತ್ತಾಗುವುದಿಲ್ಲ” ಎಂದು ಸಮಾಧಾನ ಹೇಳಿದ. ದೀಪವನ್ನು ಹಗಲಲ್ಲಿ ನೋಡಬೇಕಂತೆ!

ತೊಡಕು ಇರುವುದು ಲೆಕ್ಕದಲ್ಲಿ. ಇಲ್ಲಿ ಎಣಿಸುತ್ತಿದ್ದದ್ದು ಹೊಡೆತಗಳನ್ನಲ್ಲ, ಪ್ರತಿ ಗುಂಡಿಯ ಆಟಕ್ಕೆ ಕೊಡುವ ‘ಮಾರ್ಪಡಿಸಿದ ಸ್ಟೇಬಲ್‌ಫರ್ಡ್’ ಅಂಕಗಳನ್ನು. ಗುಂಡಿಗೆ ನಿಗದಿಯಾದ ಹೊಡೆತಗಳೇ ಪಾರ್. ಪಾರ್‌ಗಿಂತ ಮೂರು ಹೊಡೆತ ಕಡಿಮೆಯ ಆಲ್ಬಟ್ರಾಸ್‌ಗೆ 8, ಎರಡು ಕಡಿಮೆಯ ಈಗಲ್‌ಗೆ 5, ಒಂದು ಕಡಿಮೆಯ ಬರ್ಡಿಗೆ 2, ಪಾರ್‌ಗೆ ಸೊನ್ನೆ. ಒಂದು ಹೆಚ್ಚಿನ ಬೋಗಿಗೆ ಒಂದು ಕಳೆ, ಎರಡು ಹೆಚ್ಚಿನ ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಮೂರು ಕಳೆ. ಅಂದರೆ ಧೈರ್ಯಸ್ಥನಿಗೆ ಲಾಭ. ಆದರೆ 1992ರವರೆಗೆ ಹಿಂದಿನ ದಿನಗಳ ಗಳಿಕೆ ಅಳಿಸಿಹೋಗಿ, ಕೊನೆಯ ದಿನದ ಅಂಕವೇ ಗೆಲುವನ್ನು ತೀರ್ಮಾನಿಸುತ್ತಿತ್ತು. 1986ರಲ್ಲಿ ಕೆನ್ ಗ್ರೀನ್ ಗೆದ್ದದ್ದು 12ರಿಂದ, 1991ರಲ್ಲಿ ಒಲಸಾಬಲ್ ಬರೀ 10ರಿಂದ. 1993ರಲ್ಲಿ ನಾಲ್ಕೂ ದಿನಗಳನ್ನು ಕೂಡಿಸತೊಡಗಿದರು. ಆ ವರ್ಷ ಗೆದ್ದ ಮಿಕಲ್ಸನ್ ಥಟ್ಟನೆ 45!

ಮೊದಲ ಏಳು ವರ್ಷಗಳ ಒಂದು ದಿನದ ಅಂಕವನ್ನು ನಾಲ್ಕರಿಂದ ಗುಣಿಸಿದರೆ? ಗ್ರೀನ್ 48ಕ್ಕೆ ಸರಿಯಾಗಿ ನಿಂತ. ಆದರೆ 1988ರ ಸಿಂಡೆಲರ್ 17ರಿಂದ 68ಕ್ಕೆ ಏರಿ ಚೌಕಟ್ಟು ಒಡೆದು ಹೊರಗೆ ಹೋದ. ಹೊಡೆತಕ್ಕೆ ಪರಿವರ್ತಿಸೋಣವೆಂದರೆ ಈ ಅಂಕ ಹಿಂದಕ್ಕೆ ಬಿಚ್ಚುವುದಿಲ್ಲ: ಬೋಗಿಯೇ ಇಲ್ಲದ 22 ಬರ್ಡಿಯೂ 44, ಎಂಟು ಬೋಗಿಯ ಜೊತೆ 26 ಬರ್ಡಿಯೂ 44. ಮೊದಲನೆಯದು ಪಾರ್‌ಗಿಂತ 22 ಕಡಿಮೆ, ಎರಡನೆಯದು 18. ಕೊನೆಗೆ ಆ ಏಳು ಕಂಬಗಳಿಗೆ ಬೇರೆ ಬಣ್ಣ ಹಾಕಿದೆ, ಆಗ “ಅವು ಬಣ್ಣಗೆಟ್ಟಿವೆಯೇ?” ಎಂಬ ಪ್ರಶ್ನೆ ಶುರುವಾಯಿತು.

ಹಾಗಾಗಿ, ಮೆರುಗೆಣ್ಣೆ ಹಚ್ಚಿ ಮುಗಿಸಿದ್ದ ತೇಗದ ಫಲಕವನ್ನು 1992ರ ಬಲಕ್ಕೆ ಕೊಯ್ದೆ. ಮೊದಲ ಏಳು ವರ್ಷಗಳಿಗೆ ಹದಿನೆಂಟು ದೀಪದ ಪ್ರತ್ಯೇಕ ಗಿಡ್ಡ ಫಲಕ, ಮೇಲೆ ‘ಒಂದು ದಿನ’ ಎಂಬ ಪಟ್ಟಿ. ಉಳಿದದ್ದಕ್ಕೆ ‘ನಾಲ್ಕು ದಿನ’. ಸುಟ್ಟ ದೀಪದ ಪ್ರಶ್ನೆ ನಿಂತಿದೆ.

ಮಿಕ್ಕ 210 ದೀಪಗಳಲ್ಲಿ 43 ಸ್ಟೀವ್ ಲೋವರಿಗೆ ಮೀಸಲು. ಸೋತವನಿಗೇಕೆ ಕಂಬ ಎನ್ನಬೇಡಿ. 2002ರ ಕೊನೆಯ ದಿನ ಹದಿನೇಳನೆಯ ಗುಂಡಿಯಲ್ಲಿ ಆಲ್ಬಟ್ರಾಸ್ ಹೊಡೆದು ಒಮ್ಮೆಲೇ ಎಂಟು ಮೆಟ್ಟಿಲು ಹತ್ತಿದವನು ರಿಚ್ ಬೀಮ್‌ನ 44ರ ಎದುರು ಒಂದೇ ಅಂಕದಿಂದ ಸೋತ. ಆ ಎಂಟೂ ಒಟ್ಟಿಗೆ ಬೆಳಗಬೇಕು. ಈಗ ಒಂದೊಂದಾಗಿ ತೆವಳುತ್ತಿವೆ, ದೀಪ ನಡೆಸುವ ತಂತ್ರಾಂಶ (ಫರ್ಮ್‌ವೇರ್) ತಿದ್ದುತ್ತಿದ್ದೇನೆ.

ಮುಂದಿನ ಫಲಕ ಇಂಗ್ಲೆಂಡಿನ ವೆಂಟ್‌ವರ್ತ್‌ನ ವರ್ಲ್ಡ್ ಮ್ಯಾಚ್ ಪ್ಲೇ, ಇಬ್ಬರ ನಡುವೆ ಯಾರು ಹೆಚ್ಚು ಗುಂಡಿ ಗೆದ್ದರು ಎಂಬ ಲೆಕ್ಕದ ಪಂದ್ಯಾವಳಿ. ಅದೂ ಈಗಿಲ್ಲ. 1965ರ ಸೆಮಿಫೈನಲ್‌ನಲ್ಲಿ ಗ್ಯಾರಿ ಪ್ಲೇಯರ್, ಟೋನಿ ಲೀಮಾ ಎದುರು 17 ಗುಂಡಿ ಬಾಕಿಯಿರುವಾಗ ಏಳು ಗುಂಡಿ ಹಿಂದಿದ್ದು, 36 ಗುಂಡಿಗಳ ಪಂದ್ಯ ಸಮನಾಗಿ, ಹೆಚ್ಚುವರಿ 37ನೆಯದರಲ್ಲಿ ಗೆದ್ದ. ಅದಕ್ಕೆ ದೀಪ ಬೇಡ, ಎರಡೂ ಕಡೆ ಜಾರುವ ಸೂಚಿ ಬೇಕು. ಸೂಚಿಯನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುವ ಮೋಟಾರಿಗೆ ಸದ್ದು ಮಾಡದ ಚಾಲಕ ಸರ್ಕ್ಯೂಟ್ (ಸ್ಟೆಪ್ಪರ್ ಡ್ರೈವರ್) ಬಳಸಿದವರಿದ್ದರೆ ಹೇಳಿ, ಆ ಹಳದಿ-ನೀಲಿ ವ್ಯಾಪಾರಿಯ ಅಂಗಡಿಯದ್ದು ಮಾತ್ರ ಬೇಡ.